ಅಂಗಳದಲ್ಲೊಂದು ಹಲಗೆ

ಮನೆ ಮಾರುವವನು ಅಂಗಳದಲ್ಲಿ ಒಂದು ಹಲಗೆ ನೆಡುತ್ತಾನೆ. ಮತ ಯಾಚಿಸುವವನು ಇನ್ನೊಂದನ್ನು ನೆಡುತ್ತಾನೆ. ಎರಡು ಅಡಿ ಅಗಲದ ಈ ಅಲ್ಪವಸ್ತುವಿಗಾಗಿ ಅಮೆರಿಕಾ ದೇಶದ ಊರೂರುಗಳಲ್ಲಿ ಕಟ್ಟಳೆಗಳು ಹುಟ್ಟಿವೆ, ಜಗಳಗಳು ಬೆಳೆದಿವೆ. ಆ ಜಗಳಗಳಲ್ಲಿ ಕೆಲವು ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲನ್ನೂ ಏರಿವೆ.

1990ನೆಯ ಇಸವಿಯ ಡಿಸೆಂಬರ್ ತಿಂಗಳು. ಇರಾಕಿನ ಸೈನ್ಯವು ಕುವೈತ್ ದೇಶವನ್ನು ಆಕ್ರಮಿಸಿ ನಾಲ್ಕು ತಿಂಗಳು ಕಳೆದಿದ್ದುವು. ಜನವರಿ 15ರೊಳಗೆ ಅದು ಹಿಂದೆ ಸರಿಯದಿದ್ದರೆ ಬಲಪ್ರಯೋಗಕ್ಕೆ ಅಡ್ಡಿಯಿಲ್ಲವೆಂದು ವಿಶ್ವಸಂಸ್ಥೆಯ ಭದ್ರತಾ ಮಂಡಲಿಯು ಗಡುವು ವಿಧಿಸಿದ್ದಿತು. ಕೊಲ್ಲಿಯ ಮರಳಿನಲ್ಲಿ ಅಮೆರಿಕಾದ ತರುಣರು ಲಕ್ಷಗಟ್ಟಲೆಯಾಗಿ ಬೀಡುಬಿಟ್ಟಿದ್ದರು. ಯುದ್ಧವಾಗುವುದೋ ಇಲ್ಲವೋ ಎಂಬ ಒಂದೇ ಮಾತು ಆ ದೇಶದ ಮನೆಮನೆಯಲ್ಲಿಯೂ ಕೇಳಿಬರುತ್ತಿದ್ದಿತು.

ಮಿಸೌರಿ ರಾಜ್ಯದ ಸೇಂಟ್ ಲೂಯಿಸ್ ನಗರದ ಮಗ್ಗುಲಲ್ಲಿ ಲಡೂ ಎಂಬ ಚಿಕ್ಕ ಊರೊಂದಿದೆ. ಹೆಸರು ಕೇಳಿದರೆ ಕನ್ನಡಿಗರಿಗೆ ಹಬ್ಬದ ಅಡುಗೆಮನೆಯ ನೆನಪಾದೀತು. ಊರೂ ಅಂತಹುದೇ, ಅನುಕೂಲಸ್ಥರ ನೆಲೆ. ಆಗ ಅಲ್ಲಿ ಸುಮಾರು ಒಂಬತ್ತು ಸಾವಿರ ಜನ. ವಿಸ್ತಾರ ಎಂಟೂವರೆ ಚದರ ಮೈಲಿ. ಅಂಗಡಿ ಕಾರ್ಖಾನೆಗಳಿಗೆಂದು ಬಿಟ್ಟ ನೆಲ ನೂರಕ್ಕೆ ಮೂರು ಪಾಲು ಮಾತ್ರ. ಉಳಿದುದೆಲ್ಲ ಹೆಚ್ಚಾಗಿ ಮನೆ, ಮರ, ಹುಲ್ಲುಹಾಸು. ಈ ಊರಿನ ವಿಲೋ ಹಿಲ್ ಬಡಾವಣೆಯ 57 ಮನೆಗಳಲ್ಲೊಂದು ಮಾರ್ಗರೆಟ್ ಗಿಲ್ಲಿಯೋ ಎಂಬ ಮಹಿಳೆಯದು.

ಡಿಸೆಂಬರ್ 8ರಂದು ಆಕೆ ತನ್ನ ಮನೆಯ ಮುಂದಿನ ಹುಲ್ಲುಹಾಸಿನಲ್ಲಿ ಎರಡಡಿಗೆ ಮೂರಡಿಯ ಹಲಗೆಯೊಂದನ್ನು ನೆಟ್ಟಳು. ಪರ್ಷಿಯನ್ ಕೊಲ್ಲಿಯಲ್ಲಿ ಯುದ್ಧ ಬೇಡವೆನ್ನಿ, ಕೂಡಲೇ ಕಾಂಗ್ರೆಸ್ಸಿಗೆ ಫೋನು ಮಾಡಿ ಹೇಳಿ ಎಂಬುದು ಅದರ ಮೇಲಿನ ಒಕ್ಕಣೆ. ಕಾಂಗ್ರೆಸ್ ಎಂದರೆ ಅಲ್ಲಿನ ಸಂಸತ್ತು. ಆ ಹಲಗೆ ಕಾಣೆಯಾಯಿತು. ಆಕೆ ಇನ್ನೊಂದನ್ನು ನೆಟ್ಟಳು. ಅದನ್ನು ಯಾರೋ ಕೆಡವಿಹಾಕಿದರು. ಗಿಲ್ಲಿಯೋ ಪೊಲೀಸರಲ್ಲಿ ದೂರಿತ್ತಳು. ಕಳ್ಳನನ್ನು ಹಿಡಿದುಕೊಡುವ ಮಾತಿರಲಿ, ಇಂತಹ ಹಲಗೆಯನ್ನು ನೆಡುವುದಕ್ಕೇ ಈ ಊರಿನಲ್ಲಿ ಅನುಮತಿಯಿಲ್ಲವೆಂಬ ಉತ್ತರ ಬಂದಿತು! ವಿನಾಯಿತಿ ಕೊಡಿರೆಂದು ಆಕೆ ಪುರಸಭೆಗೆ ಅರ್ಜಿ ಹಾಕಿಕೊಂಡಳು. ಪುರಸಭೆ ಅದನ್ನು ತಳ್ಳಿಹಾಕಿತು. ಆಗ ಆಕೆ ನ್ಯಾಯಾಲಯಕ್ಕೆ ಹೋದಳು.

ತನ್ನ ಮನೆ, ತನ್ನ ಅಂಗಳ, ತನ್ನ ಮಾತು. ಇದರಲ್ಲಿ ಪುರಸಭೆಗೇನು ಕೆಲಸವೆಂದು ಯಾರಿಗಾದರೂ ತೋರಬಹುದು. ಆದರೆ ಪುರಸಭೆಯ ಪಕ್ಷದಲ್ಲಿಯೂ ಮಾತಿಲ್ಲದಿರಲಿಲ್ಲ.

ಹಲಗೆಯ ಮೇಲೆ ಕಣ್ಣೇಕೆ?

ಅಮೆರಿಕಾದ ಉಪನಗರಗಳಲ್ಲಿ ಮನೆಗೆ ಕಾಂಪೌಂಡಿನ ಗೋಡೆ ಕಟ್ಟುವ ವಾಡಿಕೆ ಕಡಿಮೆ. ಮನೆಯ ಮುಂಬಾಗಿಲಿನಿಂದ ರಸ್ತೆಯವರೆಗೆ ತೆರೆದ ಹುಲ್ಲುಹಾಸು. ಒಂದು ಮನೆಯದು ಮುಗಿದಲ್ಲಿ ಮತ್ತೊಂದರದು ಮೊದಲು. ಆದುದರಿಂದ ಒಬ್ಬನ ಅಂಗಳದಲ್ಲಿ ನಿಂತ ಹಲಗೆಯು ಬೀದಿಯವರೆಲ್ಲರ ಕಣ್ಣಿಗೂ ಬೀಳುತ್ತದೆ. ತಂತಿಯ ಎರಡು ಕಾಲುಗಳನ್ನು ನೆಲಕ್ಕೆ ಚುಚ್ಚಿದರೆ ಹಲಗೆ ನಿಂತಿತು. ನೆಡಲು ಅರೆ ನಿಮಿಷ ಸಾಕು. ನೆಟ್ಟಷ್ಟು ಸುಲಭವಾಗಿ ಕೀಳುವವರು ಮಾತ್ರ ಸಿಕ್ಕುವುದಿಲ್ಲ. ಚುನಾವಣೆ ಮುಗಿದು, ಗೆದ್ದವರು ಪ್ರಮಾಣವಚನ ಸ್ವೀಕರಿಸಿದ ಮೇಲೂ, ಸೋತವರ ಹೆಸರು ಮಳೆಯಲ್ಲಿ ತೊಯ್ಯುತ್ತ ಬೀದಿಯಲ್ಲಿ ನಿಂತಿರುವುದುಂಟು.

ಇದರ ಮೇಲೆ ರಸ್ತೆಯ ಅಪಾಯ ಬೇರೆ. ತಿರುವಿನಲ್ಲಿ ಹಲಗೆ ನಿಂತರೆ ಎದುರಿನ ಕಾರು ಕಾಣಿಸದು. ಮನೆಗಳ ಬೆಲೆಯ ಚಿಂತೆಯೂ ಉಂಟು. ಬೀದಿಯ ತುಂಬ ಹಲಗೆಗಳೆದ್ದರೆ ಬಡಾವಣೆಯ ಅಂದ ಕೆಡುವುದು, ಅಂದ ಕೆಟ್ಟರೆ ಕೊಳ್ಳುವವರು ಹಿಂಜರಿಯುವರು ಎಂದು ಅಲ್ಲಿನ ಗೃಹಸ್ಥರು ಅಂಜುತ್ತಾರೆ. ಹೀಗಾಗಿ ಹಲಗೆ ಎಷ್ಟು ದೊಡ್ಡದಿರಬೇಕು, ರಸ್ತೆಯಿಂದ ಎಷ್ಟು ದೂರದಲ್ಲಿರಬೇಕು, ಎಷ್ಟು ದಿನ ಇರಬಹುದು ಎಂಬುದನ್ನು ಗೊತ್ತುಮಾಡುವ ಕಟ್ಟಳೆಗಳನ್ನು ಊರಿನ ಸಭೆಗಳು ಮಾಡಿಕೊಂಡುವು.

ಅಳತೆಗೆ, ಸ್ಥಳಕ್ಕೆ ಕಟ್ಟಳೆ ಮಾಡಿದಾಗ ಯಾರೂ ಹೆಚ್ಚಾಗಿ ತಕರಾರೆತ್ತುವುದಿಲ್ಲ. ಹಲಗೆಯ ಮೇಲೇನು ಬರೆದಿದೆ ಎಂದು ಓದಿ ನೋಡಿ ಕಟ್ಟಳೆ ಮಾಡಿದಾಗಲೇ ತೊಡಕು. ಆ ತೊಡಕಿನ ಕತೆ ಗಿಲ್ಲಿಯೋಳಿಗಿಂತ ಹಿಂದೆಯೇ ಮನೆ ಮಾರಾಟದ ಹಲಗೆಯೊಂದರಿಂದ ಆರಂಭವಾಗಿದ್ದಿತು.

‘ಮಾರಾಟಕ್ಕಿದೆ’

ನ್ಯೂಜೆರ್ಸಿ ರಾಜ್ಯದ ವಿಲ್ಲಿಂಗ್‌ಬರೋ ಎಂಬಲ್ಲಿ ಲೆವಿಟ್ ಕಂಪನಿಯವರು 1950ರ ದಶಕದ ಕೊನೆಯಲ್ಲಿ ಸಾಲುಸಾಲಾಗಿ ಮನೆಗಳನ್ನು ಕಟ್ಟಿಸಿದರು. ಸಾಧಾರಣ ಸಂಬಳದವರೂ ಕೊಳ್ಳಬಹುದಾದ ಅಚ್ಚುಕಟ್ಟಾದ ಮನೆಗಳು. ಆದರೆ ಅವು ಬಿಳಿಯರಿಗೆ ಮಾತ್ರ! ಮನೆ ಕೊಳ್ಳಲು ಬಂದ ಕಪ್ಪು ಜನಾಂಗದ ಸೇನಾಧಿಕಾರಿಯೊಬ್ಬರನ್ನು ಕಂಪನಿ ತಿರುಗಿಸಿ ಕಳುಹಿಸಿತು. ಅವರು ಸುಮ್ಮನಾಗಲಿಲ್ಲ. ಪ್ರಕರಣವು ಆ ರಾಜ್ಯದ ಅತ್ಯುನ್ನತ ನ್ಯಾಯಾಲಯದವರೆಗೆ ಹೋಯಿತು. 1960ರಲ್ಲಿ ಕಂಪನಿ ಸೋತಿತು.

ಬಾಗಿಲು ತೆರೆಯಿತು. 1960ರಲ್ಲಿ 11,861 ಇದ್ದ ಊರಿನ ಜನಸಂಖ್ಯೆ 1970ರ ಹೊತ್ತಿಗೆ 43,386ಕ್ಕೆ ಏರಿತು. ಅದೇ ಅವಧಿಯಲ್ಲಿ ಬಿಳಿಯರಲ್ಲದವರ ಸಂಖ್ಯೆ 60ರಿಂದ ಐದು ಸಾವಿರಕ್ಕೂ ಮೇಲಕ್ಕೆ, ಎಂದರೆ ನೂರಕ್ಕೆ 11.7ಕ್ಕೆ ಬಂದಿತು. 1973ರ ಹೊತ್ತಿಗೆ ಅದು 18.2 ಆಯಿತು. ಅಷ್ಟರಲ್ಲಿ ಬಿಳಿಯರ ಸಂಖ್ಯೆ ಇಳಿಯತೊಡಗಿತು.

ಇದರ ಹಿಂದೆ ಆ ಕಾಲದ ಒಂದು ಹೀನ ವ್ಯಾಪಾರವನ್ನು ತಿಳಿಯಬೇಕು. ಬೀದಿಗೆ ಕಪ್ಪು ಜನಾಂಗದ ಒಂದು ಸಂಸಾರ ಬಂದರೆ ಸಾಕು, ಕೆಲವು ದಲ್ಲಾಳಿಗಳು ಬಿಳಿಯರ ಮನೆಗಳ ಕದ ತಟ್ಟುವರು. ‘ಇನ್ನು ಈ ಬೀದಿಯೆಲ್ಲ ಅವರದೇ ಆಗುತ್ತದೆ, ಮನೆಯ ಬೆಲೆ ಬೀಳುವ ಮುಂಚೆ ಮಾರಿಬಿಡಿ’ ಎಂದು ಹೆದರಿಸುವರು. ಹೆದರಿದವನಿಂದ ಅಗ್ಗಕ್ಕೆ ಕೊಂಡು, ಬೇರೆಡೆ ಮನೆ ಸಿಕ್ಕದೆ ಅಲೆಯುತ್ತಿದ್ದ ಕಪ್ಪು ಜನರಿಗೆ ದುಬಾರಿ ಬೆಲೆಗೆ ಮಾರುವರು. ಇಂತಹ ಹೆದರಿಕೆಯ ವ್ಯಾಪಾರವನ್ನು 1968ರ ವಸತಿ ಕಾನೂನು ನಿಷೇಧಿಸಿತು. ಆದರೆ ಹೆದರಿಕೆಯನ್ನು ಕಾನೂನು ನಿಷೇಧಿಸಲಾರದಷ್ಟೆ! ಬೀದಿಯಲ್ಲಿ ‘ಮಾರಾಟಕ್ಕಿದೆ’ ಎಂಬ ಹಲಗೆ ಒಂದರ ಪಕ್ಕದಲ್ಲೊಂದು ಎದ್ದರೆ, ಮಾರುವ ಯೋಚನೆಯಿಲ್ಲದವನ ಎದೆಯೂ ಅಳುಕುವುದು. ಎಲ್ಲರೂ ಹೊರಟರು, ತಾನೊಬ್ಬನೇ ಉಳಿದೆನೆಂಬ ದಿಗಿಲು.

ವಿಲ್ಲಿಂಗ್‌ಬರೋ ಊರಿನ ಸಭೆ ಈ ದಿಗಿಲನ್ನು ತಡೆಯಬೇಕೆಂದುಕೊಂಡಿತು. 1974ರ ಮಾರ್ಚಿಯಲ್ಲಿ, ಮಾದರಿ ಮನೆಗಳ ಹೊರತು ಬೇರೆ ಯಾವ ಮನೆಯ ಮುಂದೆಯೂ ‘ಮಾರಾಟಕ್ಕಿದೆ’, ‘ಮಾರಾಟವಾಗಿದೆ’ ಎಂಬ ಹಲಗೆಗಳನ್ನು ನೆಡಕೂಡದೆಂದು ಕಟ್ಟಳೆ ಮಾಡಿತು. ಉದ್ದೇಶ ಕೆಟ್ಟದ್ದೆಂದು ಯಾರೂ ಹೇಳುವಂತಿರಲಿಲ್ಲ. ಬಿಳಿಯರೂ ಕಪ್ಪು ಜನರೂ ಒಂದೇ ಬೀದಿಯಲ್ಲಿ ನೆರೆಹೊರೆಯವರಾಗಿ ಬಾಳಲೆಂಬುದೇ ಸಭೆಯ ಆಶಯ.

ಆದರೆ ಊರಿನಲ್ಲಿ ಆಸ್ತಿಯಿದ್ದ ಲಿನ್‌ಮಾರ್ಕ್ ಎಂಬ ಸಂಸ್ಥೆಗೆ ಅದನ್ನು ಮಾರಬೇಕಾಗಿದ್ದಿತು, ಹಲಗೆ ನೆಡಬೇಕಾಗಿದ್ದಿತು. ಸಂಸ್ಥೆಯು ದಾವೆ ಹೂಡಿತು. ಕೆಳಗಿನ ನ್ಯಾಯಾಲಯ ಸಂಸ್ಥೆಯ ಪರವಾಗಿಯೂ, ಮೇಲ್ಮನವಿಯ ನ್ಯಾಯಾಲಯ ಊರಿನ ಪರವಾಗಿಯೂ ಹೇಳಿದ ಮೇಲೆ ವ್ಯಾಜ್ಯವು ಸರ್ವೋಚ್ಚ ನ್ಯಾಯಾಲಯಕ್ಕೆ ಬಂದಿತು.

1977ನೆಯ ಮೇ 2ರಂದು ತೀರ್ಪು ಹೊರಬಿದ್ದಿತು. ಬರೆದವರು ನ್ಯಾಯಮೂರ್ತಿ ತರ್ಗುಡ್ ಮಾರ್ಷಲ್. ಅಮೆರಿಕಾದ ಸರ್ವೋಚ್ಚ ನ್ಯಾಯಾಲಯದ ಪೀಠವನ್ನೇರಿದ ಕಪ್ಪು ಜನಾಂಗದವರಲ್ಲಿ ಮೊದಲಿಗರು ಅವರು. ಶಾಲೆಗಳಲ್ಲಿ ಬಿಳಿಯ ಮಕ್ಕಳನ್ನೂ ಕರಿಯ ಮಕ್ಕಳನ್ನೂ ಬೇರೆ ಬೇರೆಯಾಗಿ ಕೂರಿಸುವುದು ಸಲ್ಲದೆಂದು ವಕೀಲರಾಗಿ ವಾದಿಸಿ, 1954ರಲ್ಲಿ ಗೆದ್ದವರು. ಎರಡು ಜನಾಂಗಗಳು ಕೂಡಿ ಬಾಳಬೇಕೆಂಬ ಆಶಯದ ಬೆಲೆ ಅವರಿಗೆ ತಿಳಿಯದೆ ಇನ್ನಾರಿಗೆ ತಿಳಿದೀತು? ಆದರೂ ಅವರು ಆ ಕಟ್ಟಳೆಯನ್ನು ರದ್ದುಮಾಡಿದರು. ವಿಚಾರಣೆಯಲ್ಲಿ ಭಾಗವಹಿಸಿದ ಎಂಟು ನ್ಯಾಯಮೂರ್ತಿಗಳದೂ ಒಂದೇ ಅಭಿಪ್ರಾಯ.

ಅವರ ತರ್ಕ ಸರಳವಾದುದು. ಊರಿನ ಅಂದಕ್ಕಾಗಿ ಈ ಕಟ್ಟಳೆ ಆಗಿದ್ದರೆ ಎಲ್ಲ ಹಲಗೆಗಳನ್ನೂ ತಡೆಯಬೇಕಾಗಿದ್ದಿತು. ತಡೆದುದು ಮಾರಾಟದ ಹಲಗೆಯನ್ನು ಮಾತ್ರ. ಎಂದರೆ ಊರಿನ ಸಭೆಗೆ ಬೇಡವಾದುದು ಹಲಗೆಯಲ್ಲ, ಅದು ತಿಳಿಸುವ ಸುದ್ದಿ. ಸುದ್ದಿಯಾದರೋ ನಿಜವಾದದ್ದು, ಕಾನೂನಿಗೆ ಒಪ್ಪಿದ್ದು. ನಿಜವನ್ನು ತಿಳಿದರೆ ಜನ ತಪ್ಪು ಮಾಡಿಯಾರೆಂದು ಹೆದರಿ ನಿಜವನ್ನೇ ಮುಚ್ಚಿಡುವ ಅಧಿಕಾರವನ್ನು ಸರಕಾರಕ್ಕೆ ಕೊಟ್ಟರೆ, ಮುಂದೆ ಮುಚ್ಚಿಡುವುದಕ್ಕೆ ಮಿತಿಯೆಲ್ಲಿ? ಪತ್ರಿಕೆಯಲ್ಲಿ ಜಾಹೀರಾತು ಕೊಡಬಹುದಲ್ಲ ಎಂಬ ವಾದವನ್ನೂ ಮಾರ್ಷಲ್ ಒಪ್ಪಲಿಲ್ಲ. ಅದಕ್ಕೆ ಹಣ ಹೆಚ್ಚು. ಮೇಲಾಗಿ, ಮನೆ ಹುಡುಕದೆ ಸುಮ್ಮನೆ ಬೀದಿಯಲ್ಲಿ ಹೋಗುವವನ ಕಣ್ಣಿಗೆ ಅದು ಬೀಳದು. ಊರಿನವರು ಉಳಿಯುವಂತೆ ಮಾಡಬೇಕಾದರೆ ಬೇರೆ ದಾರಿಗಳಿವೆ, ಬೇಕಾದರೆ ‘ಮಾರಾಟಕ್ಕಿಲ್ಲ’ ಎಂಬ ಹಲಗೆಗಳನ್ನೇ ನೆಡಿಸಿ ಎಂಬ ಸಲಹೆಯೂ ಆ ತೀರ್ಪಿನಲ್ಲಿದೆ.

ತೀರ್ಪಿನಿಂದ ಊರಿನ ಕಷ್ಟ ತೀರಿತೆಂದಲ್ಲ. ವಿಲ್ಲಿಂಗ್‌ಬರೋದಿಂದ ಬಿಳಿಯರು ಹೊರಡುವುದು ನಿಲ್ಲಲಿಲ್ಲ. ಇಂದು ಅಲ್ಲಿ ಕಪ್ಪು ಜನಾಂಗದವರೇ ಬಹುಸಂಖ್ಯಾತರು. ಇಲಿನಾಯ್ ರಾಜ್ಯದ ಓಕ್ ಪಾರ್ಕಿನಲ್ಲಿ ಬೇರೊಂದು ಬಗೆ ನಡೆಯಿತು. ಅಲ್ಲಿಯೂ ಅಂತಹುದೇ ನಿಷೇಧವಿದ್ದು, 1977ರ ತೀರ್ಪಿನಿಂದ ಅದರ ಬಲ ಉಡುಗಿತು. ಆದರೂ ಊರಿನ ಹಿತವೆಂದು ಬಗೆದು ಅಲ್ಲಿನ ಮನೆ ದಲ್ಲಾಳಿಗಳು ಬಹುಕಾಲ ತಾವಾಗಿಯೇ ಹಲಗೆ ನೆಡದೆ ಉಳಿದರು. ಕಾನೂನು ಮಾಡಿಸಲಾಗದ ಕೆಲಸವನ್ನು ಕೆಲವೊಮ್ಮೆ ಮನಸ್ಸು ಮಾಡಿಸುತ್ತದೆ.

ಒಂದು ವಾರ, 1,207 ಹಲಗೆ

ಇನ್ನು ಚುನಾವಣೆಯ ಹಲಗೆಯ ಸಂಗತಿ. 1979ರಲ್ಲಿ ಲಾಸ್ ಏಂಜಲೀಸ್ ನಗರಸಭೆಯ ಚುನಾವಣೆಗೆ ರೋಲಂಡ್ ವಿನ್ಸೆಂಟ್ ಎಂಬಾತ ನಿಂತಿದ್ದ. ಆತನ ಬೆಂಬಲಿಗರು ರಟ್ಟಿನ ಹಲಗೆಗಳ ಮೇಲೆ ಅವನ ಹೆಸರನ್ನು ಅಚ್ಚುಹಾಕಿಸಿ ಬೀದಿಯ ಕಂಬಗಳಿಗೆ ಏರಿಸಿದರು. ಸಾರ್ವಜನಿಕ ಸ್ವತ್ತಿನ ಮೇಲೆ ಯಾವ ಹಲಗೆಯನ್ನೂ ಅಂಟಿಸಕೂಡದೆಂಬುದು ಆ ನಗರದ ಕಟ್ಟಳೆ. ನಗರದ ಆಳುಗಳು ಬಂದು ಅವುಗಳನ್ನು ಕಿತ್ತರು. ಮಾರ್ಚಿ 1ರಿಂದ 7ರವರೆಗಿನ ಒಂದೇ ವಾರದಲ್ಲಿ ಕಿತ್ತ ಹಲಗೆಗಳು 1,207. ಅವುಗಳಲ್ಲಿ ವಿನ್ಸೆಂಟನವು 48. ಮಿಕ್ಕವುಗಳಲ್ಲಿ ಹೆಚ್ಚಿನವು ವ್ಯಾಪಾರದ ಜಾಹೀರಾತುಗಳು.

ತಮ್ಮ ಮಾತಿನ ಹಕ್ಕಿಗೆ ಭಂಗ ಬಂದಿತೆಂದು ಬೆಂಬಲಿಗರು ಮೊರೆಯಿಟ್ಟರು. 1984ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆರು ಮೂರರ ಬಹುಮತದಿಂದ ನಗರವನ್ನು ಎತ್ತಿಹಿಡಿಯಿತು. ಕಂಬವು ಎಲ್ಲರ ಸ್ವತ್ತು. ಕಟ್ಟಳೆಯು ವಿನ್ಸೆಂಟನನ್ನಾಗಲಿ, ಅವನ ಎದುರಾಳಿಯನ್ನಾಗಲಿ, ಸಾಬೂನಿನ ವ್ಯಾಪಾರಿಯನ್ನಾಗಲಿ ಬೇರೆಯಾಗಿ ಕಾಣದೆ ಎಲ್ಲರಿಗೂ ಒಂದೇ ಸಮನಾಗಿ ಇಲ್ಲವೆಂದಿದೆ. ಅಭ್ಯರ್ಥಿಯು ಬೀದಿಯಲ್ಲಿ ನಿಂತು ಭಾಷಣ ಮಾಡಬಹುದು, ಕರಪತ್ರ ಹಂಚಬಹುದು. ಒಡೆಯರು ಒಪ್ಪಿದರೆ ಅವರ ಅಂಗಳದಲ್ಲಿ ಹಲಗೆಯನ್ನೂ ನೆಡಬಹುದು. ತನ್ನ ಮನೆಯ ಮುಂದೆ ಹಲಗೆಗಳನ್ನು ಗುಡ್ಡೆ ಹಾಕಿಕೊಳ್ಳಲು ಯಾವ ಗೃಹಸ್ಥನೂ ಇಷ್ಟಪಡಲಾರನಾದುದರಿಂದ ಅಲ್ಲಿ ಮಿತಿ ತಾನಾಗಿಯೇ ಇರುವುದೆಂದು ತೀರ್ಪು ಹೇಳಿತು. ಇದನ್ನು ಬರೆದವರು ನ್ಯಾಯಮೂರ್ತಿ ಜಾನ್ ಪಾಲ್ ಸ್ಟೀವನ್ಸ್.

ಹತ್ತು ವರ್ಷದ ಬಳಿಕ ಗಿಲ್ಲಿಯೋಳ ಹಲಗೆಯೂ ಅವರ ಕೈಗೇ ಬಂದಿತು.

ಕಿಟಕಿಯ ಕಾಗದ

ಲಡೂವಿನ ವ್ಯಾಜ್ಯದಲ್ಲಿ ಕೆಳಗಿನ ನ್ಯಾಯಾಲಯವು ಪುರಸಭೆಯ ಕಟ್ಟಳೆಗೆ ತಡೆಯಾಜ್ಞೆ ಕೊಟ್ಟಿತು. ಆಗ ಗಿಲ್ಲಿಯೋ ಮನೆಯ ಮಹಡಿಯ ಕಿಟಕಿಯಲ್ಲಿ, ಪತ್ರ ಬರೆಯುವ ಕಾಗದದಷ್ಟೇ ದೊಡ್ಡದಾದ ಹಾಳೆಯೊಂದನ್ನು ಇಟ್ಟಳು. ಕೊಲ್ಲಿಯಲ್ಲಿ ಶಾಂತಿಗಾಗಿ ಎಂಬುದಷ್ಟೇ ಅದರ ಮೇಲಿನ ಬರಹ. ಎಂಟೂವರೆ ಅಂಗುಲಕ್ಕೆ ಹನ್ನೊಂದು ಅಂಗುಲದ ಹಾಳೆ! ಬೀದಿಯಲ್ಲಿ ನಿಂತು ಕತ್ತೆತ್ತಿ ನೋಡಿದವರಿಗೂ ಅದರ ಅಕ್ಷರ ಸಲೀಸಾಗಿ ತಿಳಿದೀತೆ?

ಪುರಸಭೆಯೂ ಸೋಲೊಪ್ಪಲಿಲ್ಲ. ಹಳೆಯ ಕಟ್ಟಳೆಯನ್ನು ಹಿಂದೆಗೆದುಕೊಂಡು ಹೊಸದೊಂದನ್ನು ಮಾಡಿತು. ಹಲಗೆಗಳೆಲ್ಲವೂ ನಿಷಿದ್ಧ, ಹತ್ತು ಬಗೆಯವಕ್ಕೆ ಮಾತ್ರ ವಿನಾಯಿತಿ. ಮನೆಯ ಗುರುತಿನ ಫಲಕಕ್ಕೆ, ಚರ್ಚುಗಳ ಮತ್ತು ಶಾಲೆಗಳ ಫಲಕಕ್ಕೆ, ಅಂಗಡಿ ಬೀದಿಯ ಕೆಲವು ಫಲಕಗಳಿಗೆ ವಿನಾಯಿತಿ ಉಂಟು. ‘ಮಾರಾಟಕ್ಕಿದೆ’ ಎಂಬ ಹಲಗೆಗೂ ಉಂಟು. 1977ರ ತೀರ್ಪಿನ ಬಳಿಕ ಅದನ್ನು ಪೂರ್ತಿಯಾಗಿ ತಡೆಯುವಂತೆಯೇ ಇರಲಿಲ್ಲ. ಎಂದರೆ ಗಿಲ್ಲಿಯೋ ಮನೆಯನ್ನು ಮಾರುವುದಾಗಿ ಹಲಗೆ ನೆಡಬಹುದು. ಯುದ್ಧ ಬೇಡವೆಂದು ನೆಡುವಂತಿಲ್ಲ. ಊರು ಬಿಟ್ಟು ಹೋಗುತ್ತೇನೆನ್ನಲು ಅನುಮತಿಯುಂಟು, ಊರಿನಲ್ಲಿದ್ದುಕೊಂಡು ಮಾತನಾಡಲು ಇಲ್ಲ!

ಅತ್ತ ಜನವರಿಯಲ್ಲಿ ಯುದ್ಧ ಆರಂಭವಾಗಿ ಫೆಬ್ರವರಿಯ ಕೊನೆಗೆ ಮುಗಿದೇಹೋಯಿತು. ಇತ್ತ ವ್ಯಾಜ್ಯ ಮುಗಿಯಲಿಲ್ಲ. ಮೇಲ್ಮನವಿಯಲ್ಲಿಯೂ ಸೋತ ಪುರಸಭೆ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಯಿತು. ಹಲಗೆ ನೆಟ್ಟ ಮೂರೂವರೆ ವರ್ಷಗಳ ತರುವಾಯ, 1994ರ ಜೂನ್ 13ರಂದು, ಸ್ಟೀವನ್ಸರು ತೀರ್ಪು ಬರೆದರು. ಪೀಠದ ಯಾವ ನ್ಯಾಯಮೂರ್ತಿಯೂ ಫಲಿತಾಂಶಕ್ಕೆ ಎದುರಾಡಲಿಲ್ಲ. ಗಿಲ್ಲಿಯೋ ಗೆದ್ದಳು.

ಬೀದಿಯ ಕಂಬದ ಹಲಗೆಗೆ ಇಲ್ಲವೆಂದ ನ್ಯಾಯಮೂರ್ತಿಯೇ ಮನೆಯ ಅಂಗಳದ ಹಲಗೆಗೆ ಆಗಬಹುದೆಂದುದು ಹೇಗೆ? ವಿರೋಧವೇನೂ ಇಲ್ಲ. ಕಂಬದ ಮೇಲಿನ ಹಲಗೆ ಯಾರದೆಂದು ಯಾರಿಗೂ ತಿಳಿಯದು. ಅಂಗಳದ ಹಲಗೆಗಾದರೋ ಹಿಂದೆ ಒಂದು ಮನೆಯಿದೆ, ಮನೆಯಲ್ಲೊಂದು ಮುಖವಿದೆ. ‘ಈ ಮನೆಯವರೇ ಹೀಗೆನ್ನುತ್ತಾರೆ’ ಎಂಬುದೇ ಆ ಮಾತಿನ ಅರ್ಧ ಬಲ. ದೊಡ್ಡ ಬಂಗಲೆಯ ಮುಂದೆ ನಿಂತ ಒಂದು ಮಾತಿಗೂ, ಕಾರ್ಖಾನೆಯ ಗೋಡೆಗೆ ಅಂಟಿಸಿದ ಅದೇ ಮಾತಿಗೂ ಕೇಳುವವರು ಬೇರೆ ಬೇರೆ ಅರ್ಥವನ್ನು ಕಟ್ಟಿಕೊಳ್ಳುತ್ತಾರೆ. ಇದಲ್ಲದೆ ಇಷ್ಟು ಅಗ್ಗವಾದ, ಇಷ್ಟು ಸುಲಭವಾದ ಸಾಧನ ಇನ್ನೊಂದಿಲ್ಲ. ಪತ್ರಿಕೆಯಲ್ಲಿ ಜಾಹೀರಾತು ಹಾಕಿಸಲು ಹಣವಿಲ್ಲದವರಿಗೆ, ಬೀದಿಬೀದಿ ಸುತ್ತಿ ಕರಪತ್ರ ಹಂಚಲು ಪುರುಸೊತ್ತೋ ತ್ರಾಣವೋ ಇಲ್ಲದವರಿಗೆ, ನೆರೆಹೊರೆಯವರಿಗೊಂದು ಮಾತು ಹೇಳಲು ಅದೇ ದಾರಿ. ಆ ದಾರಿಯನ್ನು ಊರು ಪೂರ್ತಿಯಾಗಿ ಮುಚ್ಚಕೂಡದೆಂದು ತೀರ್ಪಾಯಿತು. ಮಿತಿಯಿಲ್ಲದೆ ಹಲಗೆಗಳು ಏಳುವುವೆಂಬ ಭಯಕ್ಕೆ ಸ್ಟೀವನ್ಸರು ಹತ್ತು ವರ್ಷ ಹಿಂದಿನ ಉತ್ತರವನ್ನೇ ಕೊಟ್ಟರು: ತನ್ನ ಮನೆಯ ಬೆಲೆಯನ್ನೂ ಅಂದವನ್ನೂ ಕಾಯಲು ಗೃಹಸ್ಥನಿಗಿಂತ ದೊಡ್ಡ ಕಾವಲುಗಾರ ಬೇಕಿಲ್ಲ.

ಹನ್ನೆರಡು ಗಂಟೆಯ ಆಯುಷ್ಯ

ಇಷ್ಟಾದರೂ ಊರುಗಳ ಕಟ್ಟಳೆಪುಸ್ತಕಗಳು ತೆಳ್ಳಗಾಗಲಿಲ್ಲ. ಬರಹವನ್ನು ಓದಿ ಹಲಗೆಯ ಜಾತಿಯನ್ನು ಗೊತ್ತುಮಾಡುವ ಚಾಳಿ ಉಳಿದೇ ಇದ್ದಿತು. ಅರಿಜೋನಾ ರಾಜ್ಯದ ಗಿಲ್ಬರ್ಟ್ ಎಂಬ ಊರಿನ ಕಟ್ಟಳೆಯಲ್ಲಿ ಅನುಮತಿಪತ್ರದಿಂದ ವಿನಾಯಿತಿ ಪಡೆದ ಹಲಗೆಗಳದೇ 23 ಬಗೆ. ಸಿದ್ಧಾಂತವನ್ನು ಸಾರುವ ಹಲಗೆ 20 ಚದರ ಅಡಿಯವರೆಗೆ ಇರಬಹುದು, ಎಷ್ಟು ದಿನ ಬೇಕಾದರೂ ನಿಲ್ಲಬಹುದು. ಚುನಾವಣೆಯ ಹಲಗೆ ವಾಸದ ಮನೆಯ ಮುಂದಾದರೆ 16 ಚದರ ಅಡಿ, ಇತರೆಡೆ 32. ಪ್ರಾಥಮಿಕ ಚುನಾವಣೆಗೆ 60 ದಿನ ಮೊದಲಿನಿಂದ, ಸಾರ್ವತ್ರಿಕ ಚುನಾವಣೆಯಾಗಿ 15 ದಿನದವರೆಗೆ. ಯಾವುದೋ ಸಭೆಗೋ ಪೂಜೆಗೋ ದಾರಿ ತೋರುವ ಹಲಗೆಯಾದರೆ 6 ಚದರ ಅಡಿ ಮಾತ್ರ. ಕಾರ್ಯಕ್ರಮಕ್ಕೆ 12 ಗಂಟೆ ಮೊದಲು ನೆಡಬೇಕು, ಮುಗಿದ ಒಂದು ಗಂಟೆಯೊಳಗೆ ಕೀಳಬೇಕು.

ಆ ಊರಿನಲ್ಲಿ ಕ್ಲೈಡ್ ರೀಡ್ ಎಂಬ ಪಾದ್ರಿಯ ಚಿಕ್ಕದೊಂದು ಚರ್ಚು ಇದ್ದಿತು. ಚರ್ಚೆಂದರೆ ಕಟ್ಟಡವಲ್ಲ, ಸ್ವಂತ ಕಟ್ಟಡವಿಲ್ಲದ ಭಕ್ತರ ಕೂಟ. ಒಮ್ಮೆ ಶಾಲೆಯಲ್ಲಿ, ಒಮ್ಮೆ ಇನ್ನೆಲ್ಲಿಯೋ ಭಾನುವಾರದ ಪ್ರಾರ್ಥನೆ. ಈ ವಾರ ಎಲ್ಲಿ ಎಂದು ತಿಳಿಸಲು ಶನಿವಾರ ಬೆಳಗ್ಗೆ ಊರಿನಲ್ಲಿ ಹದಿನೈದು ಇಪ್ಪತ್ತು ಹಲಗೆಗಳನ್ನು ನೆಟ್ಟು, ಭಾನುವಾರ ಮಧ್ಯಾಹ್ನ ತೆಗೆಯುತ್ತಿದ್ದರು. ಹನ್ನೆರಡು ಗಂಟೆಯ ಮಿತಿ ಮೀರಿತೆಂದು ಊರಿನ ಅಧಿಕಾರಿಗಳು ಎರಡು ಸಲ ನೋಟೀಸು ಕೊಟ್ಟರು. ಒಂದು ಹಲಗೆಯನ್ನು ಎತ್ತಿಕೊಂಡೂ ಹೋದರು. ಪಾದ್ರಿ ಹೋಗಿ ಅದನ್ನು ಬಿಡಿಸಿಕೊಂಡು ತರಬೇಕಾಯಿತು.

ಚುನಾವಣೆಗೆ ನಿಂತವನ ಹಲಗೆ ತಿಂಗಳುಗಟ್ಟಲೆ ನಿಲ್ಲಬಹುದಾದರೆ ಪ್ರಾರ್ಥನೆಯ ಹಲಗೆಗೆ ಹನ್ನೆರಡೇ ಗಂಟೆಯೇಕೆ? ಎರಡೂ ಹಲಗೆಯೇ, ಎರಡೂ ರಸ್ತೆಯ ಅಂಚಿನಲ್ಲಿಯೇ ನಿಂತಿವೆ. ಕೆಳಗಿನ ನ್ಯಾಯಾಲಯಗಳು ಊರಿನ ಮಾತನ್ನು ಒಪ್ಪಿದುವು. 2015ರ ಜೂನ್ 18ರಂದು ಸರ್ವೋಚ್ಚ ನ್ಯಾಯಾಲಯವು ಅದನ್ನು ತಿರುಗಿಸಿತು. ಒಂಬತ್ತು ನ್ಯಾಯಮೂರ್ತಿಗಳೂ ಪಾದ್ರಿಯ ಪರ. ಬಹುಮತದ ತೀರ್ಪು ನ್ಯಾಯಮೂರ್ತಿ ಕ್ಲಾರೆನ್ಸ್ ಥಾಮಸರದು. ಹಲಗೆಯ ಮೇಲಿನ ಮಾತನ್ನು ಓದಿಯೇ ಅದರ ಅಳತೆ ಆಯುಷ್ಯಗಳನ್ನು ಗೊತ್ತುಮಾಡುವುದಾದರೆ ಆ ಕಟ್ಟಳೆಯನ್ನು ಅತ್ಯಂತ ಕಟುವಾಗಿ ಪರೀಕ್ಷಿಸಬೇಕು, ಈ ಕಟ್ಟಳೆ ಆ ಪರೀಕ್ಷೆಯಲ್ಲಿ ನಿಲ್ಲದು ಎಂದು ಅವರು ಹೇಳಿದರು.

ಫಲಿತಾಂಶವನ್ನು ಒಪ್ಪಿದರೂ ನ್ಯಾಯಮೂರ್ತಿ ಎಲೆನಾ ಕೇಗನ್ ಎಚ್ಚರಿಕೆಯೊಂದನ್ನು ನುಡಿದರು. ಕುರುಡರು ರಸ್ತೆ ದಾಟುವ ಜಾಗ ಇದೆಂದು ತಿಳಿಸುವ ಹಲಗೆಗೂ, ಇತಿಹಾಸಪ್ರಸಿದ್ಧರು ತಂಗಿದ್ದ ಮನೆಯಿದೆಂದು ಸಾರುವ ಫಲಕಕ್ಕೂ ಊರುಗಳು ವಿನಾಯಿತಿ ಕೊಡುವುದು ಬರಹವನ್ನು ಓದಿಯೇ ಅಲ್ಲವೆ? ಇವೆಲ್ಲವನ್ನೂ ಒಂದೇ ಒರೆಗೆ ಹಚ್ಚಿದರೆ ಸರ್ವೋಚ್ಚ ನ್ಯಾಯಾಲಯವು ಹಲಗೆ ಪರಿಶೀಲನೆಯ ಸರ್ವೋಚ್ಚ ಮಂಡಲಿಯಾಗಿ ಕೂರಬೇಕಾದೀತೆಂದು ಅವರು ವ್ಯಂಗ್ಯವಾಡಿದರು.

ಈಗಿನ ಕಟ್ಟಳೆ

ಈ ತೀರ್ಪಿನ ತರುವಾಯ ಅನೇಕ ಊರುಗಳು ತಮ್ಮ ಕಟ್ಟಳೆಪುಸ್ತಕವನ್ನು ತಿದ್ದಿದುವು. ‘ಚುನಾವಣೆಯ ಹಲಗೆ’, ‘ಮಾರಾಟದ ಹಲಗೆ’ ಎಂಬ ಹೆಸರುಗಳನ್ನು ತೆಗೆದು, ‘ತಾತ್ಕಾಲಿಕ ಹಲಗೆ’ ಎಂಬ ಒಂದೇ ಹೆಸರಿನಡಿ ಎಲ್ಲವನ್ನೂ ತರುವುದು ಈಗಿನ ರೀತಿ. ಅಳತೆ, ಎತ್ತರ, ಸಂಖ್ಯೆ, ದೀಪ, ರಸ್ತೆಯಿಂದ ದೂರ, ಇವುಗಳನ್ನು ಊರು ಇಂದಿಗೂ ಗೊತ್ತುಮಾಡಬಹುದು. ಬರಹವೇನೆಂದು ಕೇಳದೆ ಮಾಡಿದರಾಯಿತು.

ಗೃಹಸ್ಥರು ಹೆಚ್ಚಾಗಿ ಎಡವುವುದು ಒಂದು ಕಡೆಯಲ್ಲಿ. ಕಾಲುದಾರಿಗೂ ರಸ್ತೆಗೂ ನಡುವಿನ ಹುಲ್ಲಿನ ಪಟ್ಟಿಯನ್ನು ನೀರೆರೆದು ಕತ್ತರಿಸಿ ನೋಡಿಕೊಳ್ಳುವವನು ಮನೆಯವನು. ಆದರೆ ಬಹಳ ಕಡೆ ಅದು ರಸ್ತೆಯ ಹಕ್ಕಿಗೆ ಸೇರಿದ ನೆಲ. ತನ್ನದೆಂದು ತಿಳಿದು ಅಲ್ಲಿ ಹಲಗೆ ನೆಟ್ಟರೆ ಊರಿನ ಆಳು ಬಂದು ಕಿತ್ತೊಯ್ಯುತ್ತಾನೆ. ಹಾಗೆ ಮಾಡಲು ಅವನಿಗೆ ಅಧಿಕಾರವೂ ಉಂಟು.

ಇನ್ನೊಂದು ತೊಡಕು ಹೊಸದು. ಸಂವಿಧಾನವು ಕೈ ಕಟ್ಟುವುದು ಸರಕಾರದ್ದನ್ನು, ಖಾಸಗಿ ಸಂಘಗಳದ್ದನ್ನಲ್ಲ. ಇತ್ತೀಚಿನ ಬಡಾವಣೆಗಳಲ್ಲಿ ಬಹಳಷ್ಟು ಮನೆಗಳು ಮನೆಯೊಡೆಯರ ಸಂಘದ ಕರಾರಿಗೆ ಒಳಪಟ್ಟಿವೆ. ಬಾಗಿಲಿನ ಬಣ್ಣದಿಂದ ಹಿಡಿದು ಅಂಗಳದ ಹಲಗೆಯವರೆಗೆ ಆ ಸಂಘದ ಮಾತು ನಡೆಯುತ್ತದೆ. ಕರ್ನಾಟಕದಿಂದ ಹೋಗಿ ಅಲ್ಲಿ ನೆಲೆಸಿರುವ ಸಂಸಾರಗಳಲ್ಲಿಯೂ ಇಂತಹ ಕರಾರಿಗೆ ಸಹಿ ಹಾಕಿದವರಿದ್ದಾರೆ. ಕೆಲವು ರಾಜ್ಯಗಳು ಇದಕ್ಕಾಗಿ ಬೇರೆ ಕಾನೂನನ್ನೇ ಮಾಡಿವೆ. ಟೆಕ್ಸಾಸಿನಲ್ಲಿ ಚುನಾವಣೆಗೆ 90 ದಿನ ಮೊದಲಿನಿಂದ, ಆದ 10 ದಿನದವರೆಗೆ ಅಭ್ಯರ್ಥಿಯ ಹಲಗೆ ನೆಡುವುದನ್ನು ಸಂಘವು ತಡೆಯಲಾಗದು. ನ್ಯೂಜೆರ್ಸಿಯಲ್ಲಿ 2005ರಲ್ಲಿ ಊರಸಭೆಗೆ ನಿಂತ ಅಭ್ಯರ್ಥಿಯೊಬ್ಬರು ತಮ್ಮದೇ ಮನೆಯ ಕಿಟಕಿ ಬಾಗಿಲುಗಳಲ್ಲಿ ತಮ್ಮ ಹಲಗೆಯನ್ನಿಟ್ಟಾಗ ಸಂಘವು ತೆಗೆಯಬೇಕೆಂದಿತು. ಆ ಸಂಘದ ಕರಾರಿನಲ್ಲಿ ಅನುಮತಿಯಿದ್ದುದು ‘ಮಾರಾಟಕ್ಕಿದೆ’ ಎಂಬ ಹಲಗೆಗೆ ಮಾತ್ರ! 2012ರಲ್ಲಿ ಆ ರಾಜ್ಯದ ಸರ್ವೋಚ್ಚ ನ್ಯಾಯಾಲಯ ಅಭ್ಯರ್ಥಿಯ ಪರವಾಗಿ ತೀರ್ಪಿತ್ತಿತು.

ಬೆಂಗಳೂರಿನ ಗೋಡೆ

ಬೆಂಗಳೂರಿನವರಿಗೆ ಈ ವ್ಯಾಜ್ಯಗಳು ದೂರದ ಮಾತೆಂದು ತೋರಬೇಕಾಗಿಲ್ಲ. ಇಲ್ಲಿ ಅಂಗಳದ ಬದಲು ಕಾಂಪೌಂಡಿನ ಗೋಡೆ. ಸಾರ್ವಜನಿಕ ನೋಟಕ್ಕೆ ಬೀಳುವ ಜಾಗಗಳನ್ನು ಅನುಮತಿಯಿಲ್ಲದ ಜಾಹೀರಾತುಗಳಿಂದ ವಿಕಾರಗೊಳಿಸುವುದನ್ನು ತಡೆಯಲು ಕರ್ನಾಟಕದಲ್ಲಿ 1981ರ ಕಾನೂನೊಂದಿದೆ. ಆರು ತಿಂಗಳ ಸೆರೆ, ಇಲ್ಲವೆ ಸಾವಿರ ರೂಪಾಯಿ ದಂಡ, ಇಲ್ಲವೆ ಎರಡನ್ನೂ ಅದು ವಿಧಿಸಿದೆ. ಒಡೆಯನ ಒಪ್ಪಿಗೆಯಿಲ್ಲದೆ ಯಾರ ಗೋಡೆಯ ಮೇಲೂ ಬರೆಯಕೂಡದು, ಬಾವುಟ ಕಟ್ಟಕೂಡದೆಂದು ಚುನಾವಣಾ ಆಯೋಗದ ನೀತಿಸಂಹಿತೆ ಹೇಳುತ್ತದೆ. 2018ರ ಆಗಸ್ಟಿನಲ್ಲಿ ರಾಜ್ಯದ ಉಚ್ಚ ನ್ಯಾಯಾಲಯ ಕಟುವಾಗಿ ನುಡಿದ ಮೇಲೆ ಅಂದಿನ ಮಹಾನಗರ ಪಾಲಿಕೆಯವರು ನಾಯಕರ ಜನ್ಮದಿನದ ಶುಭಾಶಯ ಹೊತ್ತು ನಿಂತಿದ್ದ ಫ್ಲೆಕ್ಸುಗಳನ್ನು ಸಾವಿರಗಟ್ಟಲೆಯಾಗಿ ಕಿತ್ತರು.

ಒಂದು ವ್ಯತ್ಯಾಸ ಮಾತ್ರ ಎದ್ದು ಕಾಣುತ್ತದೆ. ಅಲ್ಲಿನ ವ್ಯಾಜ್ಯಗಳಲ್ಲಿ ಬಹುಪಾಲು, ತನ್ನ ಮನೆಯ ಮುಂದೆ ತನ್ನ ಮಾತನ್ನು ಹೇಳಲು ಬಯಸಿದ ಗೃಹಸ್ಥನವು. ಇಲ್ಲಿ ಗೃಹಸ್ಥನು ದೂರುವುದು, ತನ್ನನ್ನು ಕೇಳದೆ ತನ್ನ ಗೋಡೆಯ ಮೇಲೆ ಪರರು ಮಾತನಾಡಿ ಹೋದರೆಂದು. ಒಬ್ಬನು ಬಾಯಿ ಬಿಡಲು ಹಕ್ಕು ಕೇಳುತ್ತಾನೆ, ಇನ್ನೊಬ್ಬನು ತನ್ನ ಗೋಡೆಯನ್ನು ಸುಮ್ಮನಿರಿಸಲು. ಆಳವಾಗಿ ನೋಡಿದರೆ ಎರಡೂ ಒಂದೇ. ಈ ಮನೆಯ ಮುಂದೆ ಏನು ಬರೆಯಬೇಕೆಂಬುದನ್ನು ಮನೆಯವರೇ ಗೊತ್ತುಮಾಡಲಿ ಎಂಬುದಷ್ಟೇ ಇಬ್ಬರ ಬೇಡಿಕೆಯೂ.

ಬೆಂಗಳೂರಿನ ಹೊರವಲಯದಲ್ಲಿ ಖಾಲಿ ನಿವೇಶನಗಳ ಪಕ್ಕದಲ್ಲಿ ನಡೆದುಹೋಗುವವರು ಒಂದು ಬೋರ್ಡನ್ನು ಆಗಾಗ ಕಾಣುತ್ತಾರೆ. ‘ಈ ಸ್ವತ್ತು ಮಾರಾಟಕ್ಕಿಲ್ಲ’ ಎಂದು ಅದರ ಮೇಲೆ ದಪ್ಪ ಅಕ್ಷರಗಳಲ್ಲಿ ಬರೆದಿರುತ್ತದೆ. ಸುಳ್ಳು ಪತ್ರ ಹುಟ್ಟಿಸಿ ತನ್ನ ನಿವೇಶನವನ್ನು ಯಾರಾದರೂ ಇನ್ನಾರಿಗೋ ಮಾರಿಬಿಟ್ಟಾರೆಂಬ ಅಂಜಿಕೆಯಿಂದ ಒಡೆಯನು ನೆಡಿಸಿದ ಬೋರ್ಡು ಅದು. ವಿಲ್ಲಿಂಗ್‌ಬರೋ ಊರಿಗೆ ನ್ಯಾಯಮೂರ್ತಿ ಮಾರ್ಷಲರು 1977ರಲ್ಲಿ ಸೂಚಿಸಿದ್ದುದೂ ಅದೇ ಮಾತಿನ ಹಲಗೆ. ಅಲ್ಲಿ ಅದು ನೆರೆಯವರಿಗೆ ಹೇಳುವ ಧೈರ್ಯದ ಮಾತಾಗಬೇಕಾಗಿದ್ದಿತು: ಹೆದರಬೇಡಿ, ನಾವು ಇಲ್ಲಿಯೇ ಇರುತ್ತೇವೆ. ಇಲ್ಲಿ ಅದು ಕಾಣದ ಕಳ್ಳನಿಗೆ ಕೊಡುವ ಎಚ್ಚರಿಕೆ. ಅಕ್ಷರಗಳು ಅವೇ, ಹಲಗೆಯ ಹಿಂದಿನ ಮನುಷ್ಯನ ಮನಸ್ಸಿನಲ್ಲಿ ಏನಿದೆಯೋ ಅದರಂತೆ ಅವುಗಳ ಅರ್ಥ.